ಅಜ್ಜಿಯ ಕಿವಿಯ ಪೆಟ್ಟಿಗೆ

ಗಿಟಾರಿನ ಆಂಪ್ಲಿಫಯರು ಕೊಳ್ಳಲು ಶಿರಸಿಯ ನನ್ನ ಮನೆಗೆ ಬರುವವರು ಮೊದಲು ನನ್ನ ಬೆನ್ನ ಹಿಂದೆ ಇಣುಕಿ ನೋಡುತ್ತಾರೆ, ಒಳಗಿನಿಂದ ಬೇರೆ ಯಾರಾದರೂ ಬರಬಹುದು ಅಂತ. ಬಾಗಿಲು ತೆರೆದ ಈ ನರೆಗೂದಲಿನ ಹೆಂಗಸೇ ವಾಲ್ವು ಆರಿಸಿ, ತಂತಿ ಎಳೆದು, ಬೆಸುಗೆ ಹಾಕಿ, ಎಲ್ಲವನ್ನೂ ಮರದ ಪೆಟ್ಟಿಗೆಯೊಳಗೆ ಕೂರಿಸುವವಳು ಎಂದು ತಿಳಿಯಲು ಅವರಿಗೆ ಒಂದು ಲೋಟ ಚಹಾದಷ್ಟು ಹೊತ್ತು ಬೇಕು. ಆಮೇಲೆ ಕೇಳುವ ಪ್ರಶ್ನೆ ಒಂದೇ. ಎಲ್ಲಿ ಕಲಿತಿರಿ? ಯಲ್ಲಾಪುರದಲ್ಲಿ ಅನ್ನುತ್ತೇನೆ. ಅಲ್ಲಿ ಅಂಥ ಕಾಲೇಜು ಇದೆಯೇ ಎಂದು ಕೇಳಿದವರಿದ್ದಾರೆ. ಕಾಲೇಜಲ್ಲ, ಅಲ್ಲಿ ಹೆದ್ದಾರಿಗೆ ಮುಖ ಮಾಡಿದ ಒಂದು ಮನೆ ಇತ್ತು, ಮನೆಯಲ್ಲಿ ಕಿವಿ ಕೇಳದ ಒಬ್ಬ ಅಜ್ಜಿ ಇದ್ದಳು. ಅಷ್ಟು ಹೇಳಿದರೆ ಅವರಿಗೆ ಸಾಕಾಗುವುದಿಲ್ಲ, ಅದಕ್ಕಿಂತ ಹೆಚ್ಚು ಹೇಳಲು ನನಗೆ ಪುರುಸೊತ್ತು ಇರುವುದಿಲ್ಲ. ಇಲ್ಲಿ ಹೇಳುತ್ತೇನೆ.

ಅಪ್ಪ ಬನವಾಸಿ ಕಡೆಯ ಒಕ್ಕಲುತನದ ಮನೆಯವನು. ಹೊಲಕ್ಕಿಂತ ರೇಡಿಯೋದ ಮೇಲೆ ಪ್ರೀತಿ ಬೆಳೆದು, ಆ ಕಸುಬು ಕಲಿತು, ಯಲ್ಲಾಪುರದಲ್ಲಿ ಮೈಕ್ ಸೆಟ್ ಬಾಡಿಗೆ ಕೊಡುವವರು ಕಡಿಮೆ ಎಂದು ಕೇಳಿ ಅಲ್ಲಿ ಬಂದು ನೆಲೆಸಿದ. ಜೊತೆಗೆ ತನ್ನ ತಾಯಿಯನ್ನೂ ಕರೆತಂದ. ಮನೆ ಉದ್ದಕ್ಕೆ, ಒಂದರ ಹಿಂದೆ ಒಂದು ಕೋಣೆ. ಮುಂದಿನದು ಅಪ್ಪನ ಅಂಗಡಿ, ನಡುಮನೆ ಅಜ್ಜಿಯದು, ಆಮೇಲೆ ಅವ್ವನ ಅಡುಗೆಮನೆ, ಕೊನೆಗೆ ಹಿತ್ತಲ ಕಟ್ಟೆ. ನನಗೆ ಅಂತ ಒಂದು ಕೋಣೆ ಇರಲಿಲ್ಲ, ಹಾಗಾಗಿ ಎಲ್ಲವೂ ನನ್ನವೇ ಆಗಿದ್ದವು. ಅಂಗಡಿಯಲ್ಲಿ ಸದಾ ಬೆಸುಗೆಯ ರಾಳ ಸುಟ್ಟ ವಾಸನೆ. ಜಂತಿಗೆ ತೂಗುಹಾಕಿದ ಹಾರ್ನುಗಳು ದೊಡ್ಡ ಉಮ್ಮತ್ತಿ ಹೂಗಳ ಹಾಗೆ ಬಾಯಿ ಕೆಳಗೆ ಮಾಡಿಕೊಂಡಿರುತ್ತಿದ್ದವು. ಕರಾವಳಿಯ ಕಡೆಗೆ ಭಾರದ ಲಾರಿ ಹೋದಾಗ ಅವೆಲ್ಲ ಒಂದಕ್ಕೊಂದು ತಾಗಿ ಸಣ್ಣಗೆ ಟಿಣ್ ಅನ್ನುತ್ತಿದ್ದವು. ಕಪಾಟಿನಲ್ಲಿ ವಾಲ್ವುಗಳು, ಬಲ್ಬಿನಂಥ ಗಾಜಿನ ಕೊಳವೆಗಳು, ಪ್ರತಿಯೊಂದೂ ಹಳೆ ಪಂಚೆಯ ತುಂಡಿನಲ್ಲಿ ಸುತ್ತಿದ್ದು. ಅಪ್ಪ ಅವನ್ನು ಬಿಚ್ಚುವಾಗ ಕೈತೊಳೆದು, ಒರೆಸಿಕೊಂಡು ಕೂರುತ್ತಿದ್ದ. ಆಂಪ್ಲಿಫಯರಿಗೆ ಹಾಕಿ ಸ್ವಿಚ್ ಒತ್ತಿದರೆ ಗಾಜಿನೊಳಗೆ ಮೊದಲು ಏನೂ ಇಲ್ಲ. ಆಮೇಲೆ ಒಲೆಯ ಮೂಲೆಯಲ್ಲಿ ಉಳಿದ ಕೆಂಡದಷ್ಟು ಕೆಂಪು.

ಆ ಬಿಸಿಯನ್ನು ಅವ್ವ ಬಿಡುವವಳಲ್ಲ. ನಮ್ಮದು ಜೋಳದ ರೊಟ್ಟಿಯ ಮನೆ. ಆದರೆ ಪಕ್ಕದವರು ಕಲಿಸಿಕೊಟ್ಟ ದೋಸೆ ಅವ್ವನಿಗೆ ಹಿಡಿಸಿತ್ತು. ಚಳಿಗಾಲದಲ್ಲಿ ಹಿಟ್ಟು ಉಬ್ಬುತ್ತಿರಲಿಲ್ಲ. ಅಪ್ಪ ರಿಪೇರಿಯಾದ ಆಂಪ್ಲಿಫಯರನ್ನು ಪರೀಕ್ಷೆಗೆಂದು ಹೊತ್ತುಗಟ್ಟಲೆ ಉರಿಸಿ ಇಟ್ಟಾಗ ಅವ್ವ ಹಿಟ್ಟಿನ ಪಾತ್ರೆಯನ್ನು ತಂದು ಅದರ ಬೆನ್ನಿಗೆ ಆನಿಸಿ ಇಡುತ್ತಿದ್ದಳು.

"ಇದನ್ನೇನು ಒಲಿ ಅಂತ ತಿಳಿದೀಯೇನು?"

"ಒಲಿಗಿಂತ ಛಲೋ ಐತ್ರಿ. ಹೊಗಿ ಇಲ್ಲ."

ಅಪ್ಪ ಬೈದುಕೊಳ್ಳುತ್ತಲೇ ಪಾತ್ರೆಯನ್ನು ಟ್ರಾನ್ಸ್‌ಫಾರ್ಮರಿನಿಂದ ಸ್ವಲ್ಪ ದೂರ ಸರಿಸಿ, ಅದರ ಮೇಲೆ ತಟ್ಟೆ ಮುಚ್ಚುತ್ತಿದ್ದ. ನಮ್ಮ ಮನೆಯ ಜಗಳಗಳು ಸಾಮಾನ್ಯವಾಗಿ ಹೀಗೆ ತಟ್ಟೆ ಮುಚ್ಚಿ ಮುಗಿಯುತ್ತಿದ್ದವು.

ಮೈಕ್ ಸೆಟ್ ಎಲ್ಲಿಗೇ ಹೊರಡಲಿ, ಅಪ್ಪ ಆಂಪ್ಲಿಫಯರಿನ ಹಣೆಗೆ ವಿಭೂತಿ ಎಳೆದು, ನಡುಮನೆಗೆ ಬಂದು ಅಜ್ಜಿಯ ಕಾಲು ಮುಟ್ಟುತ್ತಿದ್ದ. ಅಜ್ಜಿ "ಎಲ್ಲಿಗೆ?" ಎಂದು ಕೇಳುವಳು. ಅಪ್ಪ ಅವಳ ಕಿವಿಯ ಹತ್ತಿರ ಬಾಯಿ ಒಯ್ದು "ನಂದೊಳ್ಳಿ, ಮುಂಜಿ" ಎಂದು ಕೂಗುವನು. ಅಜ್ಜಿ ತಲೆಯಾಡಿಸಿ, "ಕಿರವತ್ತಿನಾ? ಬಿಸಲಾಗ ಕಂಬ ಹತ್ತಬ್ಯಾಡ" ಎನ್ನುವಳು. ಅಪ್ಪ ತಿದ್ದುತ್ತಿರಲಿಲ್ಲ. ಹೂಂ ಎಂದು ಹೊರಡುತ್ತಿದ್ದ. ಅಜ್ಜಿಯ ಕಿವಿ ಒಮ್ಮೆಲೇ ಹೋದದ್ದಲ್ಲ. ನಾನು ಶಾಲೆಗೆ ಹೋಗುವ ಮುಂಚೆ ಅವಳು ಓಣಿಯ ಸುದ್ದಿಯನ್ನೆಲ್ಲ ತನ್ನ ಬೆಂಚಿನ ಮೇಲೆ ಕೂತೇ ತರಿಸಿಕೊಳ್ಳುತ್ತಿದ್ದಳಂತೆ. ನನಗೆ ನೆನಪಿರುವ ಅಜ್ಜಿ ಬೇರೆ. ನಾವು ನಕ್ಕರೆ ಅವಳು ನಮ್ಮ ಮುಖ ನೋಡಿ ಸ್ವಲ್ಪ ತಡವಾಗಿ ನಗುತ್ತಿದ್ದಳು. ಬರಬರುತ್ತ ತಡವಾಗಿ ನಗುವುದನ್ನೂ ಬಿಟ್ಟಳು. ಬೆಂಚಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂರತೊಡಗಿದಳು. ಜನ ಬಾಯಿ ಆಡಿಸುವುದನ್ನು ನೋಡುವುದಕ್ಕಿಂತ ಗೋಡೆ ವಾಸಿ ಅನ್ನಿಸಿರಬೇಕು.

ಅಜ್ಜಿ ಮತ್ತು ಅವ್ವ ಒಟ್ಟಿಗೆ ಕೂರುತ್ತಿದ್ದ ಹೊತ್ತು ಒಂದೇ. ಮಧ್ಯಾಹ್ನದ ಊಟವಾದ ಮೇಲೆ ಹಿತ್ತಲ ಕಟ್ಟೆಯಲ್ಲಿ ಅವ್ವ ಅಜ್ಜಿಯ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಳು. ಅಜ್ಜಿಯ ಬೆನ್ನು ಅವ್ವನ ಕಡೆಗೆ, ಮುಖ ಬಾವಿಯ ಕಡೆಗೆ. ಅವ್ವ ಬಾಚುತ್ತ ಬಾಚುತ್ತ ಮಾತಾಡುತ್ತಿದ್ದಳು. ಅಪ್ಪನ ಮುಂದೆ ಆಡದ ಮಾತು, ನೆರೆಯವರ ಮುಂದೆ ಆಡಬಾರದ ಮಾತು, ಎಲ್ಲವೂ ಅಲ್ಲಿ. ಅಪ್ಪ ಯಾರ ಮನೆಯ ರೇಡಿಯೋವನ್ನಾದರೂ ಎದೆಗವಚಿಕೊಳ್ಳುತ್ತಾನೆ, ತನ್ನ ಕಡೆ ನೋಡಲು ಪುರುಸೊತ್ತಿಲ್ಲ ಎನ್ನುವುದು. ತವರಿನ ಊರಲ್ಲಿ ಈಗ ಕಡಲೆ ಕೀಳುತ್ತಿರಬಹುದು ಎನ್ನುವುದು. "ನೀವು ನನ್ನ ಕೈಯಾಗಿನ ಸಾರು ಒಂದಿನಾ ಛಲೋ ಆಗೇತಿ ಅನ್ನಲಿಲ್ಲ ನೋಡ್ರಿ ಅತ್ತಿ" ಎಂದು ಅಜ್ಜಿಗೇ ಅಜ್ಜಿಯ ದೂರು ಹೇಳುವುದು. ನಾನು ಪಕ್ಕದಲ್ಲಿ ಪಾಟಿ ಹಿಡಿದು ಕೂತಿರುತ್ತಿದ್ದೆ. ನನ್ನನ್ನು ಅವ್ವ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ.

ನನಗಿಂತ ಮೊದಲು ಒಂದು ಗಂಡುಮಗು ಹುಟ್ಟಿ, ಹೆಸರಿಡುವ ಮುಂಚೆಯೇ ಹೋಗಿತ್ತು ಎಂದು ನನಗೆ ತಿಳಿದದ್ದು ಆ ಕಟ್ಟೆಯಲ್ಲೇ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಮಗು ಹೋದ ದಿನ ಅಜ್ಜಿ ತೊಟ್ಟಿಲನ್ನು ಬೇರೆಯವರ ಮನೆಗೆ ಕಳಿಸಿಬಿಟ್ಟು, ಅವ್ವನಿಗೆ ಅಳಬೇಡ ಎಂದಿದ್ದಳಂತೆ. ಅತ್ತರೆ ಮೈಗೆ ಆಗದು, ಮುಂದಿನದಕ್ಕೆ ಒಳ್ಳೆಯದಲ್ಲ ಎಂದು.

"ಅಳಬ್ಯಾಡ ಅಂದ್ರಿ. ಅಳಲಿಲ್ಲ. ಈ ಶಾಂತಿ ಹುಟ್ಟಿದ ಮ್ಯಾಲೆ ಅತ್ತರಾತು ಅಂದ್ಕೊಂಡೆ. ಆಮ್ಯಾಲೆ ಅಳು ಬರಲೇ ಇಲ್ಲ ಅತ್ತಿ."

ಉಪ್ಪಿನಕಾಯಿ ಬೂಸ್ಟು ಹಿಡಿಯಿತು ಎಂದು ಹೇಳುವ ದನಿಯಲ್ಲೇ ಅವ್ವ ಇದನ್ನೂ ಹೇಳುತ್ತಿದ್ದಳು. ಹೇಳಿ ಮುಗಿಸಿ, ಜಡೆ ಸುತ್ತಿ ಗಂಟು ಹಾಕಿ, ಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋಗುವಾಗ ಅವಳ ನಡಿಗೆ ಹಗುರಾಗಿರುತ್ತಿತ್ತು.

ಒಂದು ದಿನ ಗೋವೆಯ ಕಡೆಯಿಂದ ಹುಬ್ಬಳ್ಳಿಗೆ ಮದುವೆಯ ಪಾರ್ಟಿಯಲ್ಲಿ ಬಾರಿಸಲು ಹೊರಟಿದ್ದ ಒಂದು ಬ್ಯಾಂಡಿನ ವ್ಯಾನು ಕಿರವತ್ತಿಯ ಹತ್ತಿರ ಕೆಟ್ಟು ನಿಂತಿತು. ರಸ್ತೆಯ ಕುಲುಕಾಟಕ್ಕೆ ಅವರ ಆಂಪ್ಲಿಫಯರೂ ಸುಮ್ಮನಾಗಿತ್ತು. ಧಾಬಾದಲ್ಲಿ ಯಾರೋ ಅಪ್ಪನ ಹೆಸರು ಹೇಳಿದ್ದಾರೆ. ಬ್ಯಾಂಡಿನಲ್ಲಿ ಗಿಟಾರು ಬಾರಿಸುವ ಪೀಟರ್ ಎಂಬಾತ ಒಂದು ಲಾರಿ ಹತ್ತಿ, ಆಂಪ್ಲಿಫಯರನ್ನೂ ಗಿಟಾರನ್ನೂ ಹೊತ್ತು ನಮ್ಮ ಅಂಗಡಿಯ ಮುಂದೆ ಇಳಿದ. ಉದ್ದ ಕೂದಲು, ದಣಿದ ಮುಖ, ಕೊಂಕಣಿ ಬೆರೆತ ಮುರುಕು ಕನ್ನಡ. ಅಪ್ಪ ಅವನ ಪೆಟ್ಟಿಗೆ ಬಿಚ್ಚಿ, ಸಡಿಲಾಗಿದ್ದ ಕಡೆಯಲ್ಲೆಲ್ಲ ಬೆಸುಗೆ ಹಾಕಿ, ಸುಟ್ಟ ವಾಲ್ವಿನ ಜಾಗದಲ್ಲಿ ನಮ್ಮದೊಂದು ಹಾಕಲು ಕೂತ. ಅಷ್ಟರಲ್ಲಿ ಗಿಟಾರು ಸರಿಯಿದೆಯೇ ನೋಡಬೇಕು ಎಂದು ಪೀಟರ್ ಅದರ ವಾಯರನ್ನು ನಮ್ಮ ಮೈಕ್ ಸೆಟ್ಟಿನ ಆಂಪ್ಲಿಫಯರಿಗೆ ಚುಚ್ಚಿದ.

ಮೈಕಿನಿಂದ ಬರುವ ಸದ್ದು ತೆಳು. ಗಿಟಾರಿನದು ಅದಕ್ಕಿಂತ ಎಷ್ಟೋ ಜೋರು. ಪೀಟರ್ ಒಂದು ತಂತಿ ಮೀಟಿದ್ದೇ ನಮ್ಮ ಆಂಪ್ಲಿಫಯರಿನೊಳಗಿನ ವಾಲ್ವು ತನ್ನ ಶಕ್ತಿ ಮೀರಿ ದುಡಿಯತೊಡಗಿತು. ಸದ್ದು ದಪ್ಪವಾಯಿತು, ಅಂಚುಗಳಲ್ಲಿ ಹರಿಯಿತು, ಹರಿದರೂ ನಿಲ್ಲದೆ ಎಳೆದುಕೊಂಡೇ ಹೋಯಿತು. ಪೆಟ್ಟಿಗೆ ಕೆಟ್ಟಿತೆಂದು ಅಪ್ಪ ಜಿಗಿದು ಎದ್ದ.

"ಮುಟ್ಟಬ್ಯಾಡ ಬಾಬ್. ಹಾಂಗೇ ಇರ್ಲಿ. ಬರೆಂ ಆಸಾ, ಚೆನ್ನಾಗ್ ಉಂಟು."

ಪೀಟರ್ ಕಣ್ಣು ಮುಚ್ಚಿ ಅದೇ ತಂತಿಯನ್ನು ಬೆರಳಲ್ಲಿ ಒತ್ತಿ, ಮೆಲ್ಲಗೆ ಅಲುಗಿಸಿದ. ಒಂದೇ ಸ್ವರ ಕೋಣೆಯ ತುಂಬ ನಿಂತಿತು. ಆಗ ನಡುಮನೆಯ ಬಾಗಿಲಲ್ಲಿ ಅಜ್ಜಿ ಕಾಣಿಸಿದಳು, ಚೌಕಟ್ಟು ಹಿಡಿದುಕೊಂಡು.

"ಯಾರು ಅಳಾಕತ್ತಾರು?"

ಅಪ್ಪನ ಕೈಯಲ್ಲಿದ್ದ ವಾಲ್ವು ಕೈಯಲ್ಲೇ ಉಳಿಯಿತು. "ಯವ್ವಾ, ನಿನಗ ಕೇಳಸ್ತೇನು?" ಎಂದ. ಆ ಮಾತು ಅವಳಿಗೆ ಕೇಳಲಿಲ್ಲ. ಅವಳು ಗಿಟಾರನ್ನೇ ನೋಡುತ್ತಿದ್ದಳು. "ಅದು ಅಳಾಕತ್ತೈತಿ. ಭಾಳ ಛಂದ ಅಳತೈತಿ" ಎಂದಳು. ಅಪ್ಪ ಪೀಟರನಿಗೆ ತಿಳಿಸಿ ಹೇಳಿದ. ಅವನು ಅಜ್ಜಿಗೆ ಒಂದು ಸ್ಟೂಲು ಸರಿಸಿಕೊಟ್ಟು, ತನ್ನ ಆಂಪ್ಲಿಫಯರು ಸಿದ್ಧವಾಗುವ ತನಕ ಅವಳೆದುರೇ ಬಾರಿಸಿದ. ಆಮೇಲೆ ಅವ್ವ ಹಾಕಿಕೊಟ್ಟ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಉಂಡು, ಮತ್ತೊಂದು ಲಾರಿಗೆ ಕೈ ಅಡ್ಡ ಹಾಕಿ ಹೊರಟುಹೋದ. ಅವನನ್ನು ನಾನು ಮತ್ತೆ ನೋಡಲಿಲ್ಲ. ಈಗಲೂ ಗೋವೆಯ ಕಡೆಯಿಂದ ಯಾರಾದರೂ ಗಿಟಾರಿನವರು ಬಂದರೆ ಕೇಳುತ್ತೇನೆ. ಅಲ್ಲಿ ಪೀಟರ್ ಎಂಬುವರಿಗೆ ಬರವಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಅವ್ವ ಅಪ್ಪನ ತಟ್ಟೆಗೆ ರೊಟ್ಟಿ ಹಾಕಿ, ಅಲ್ಲೇ ನಿಂತಳು.

"ಊರಿಗೆಲ್ಲ ಕೇಳಸ್ತೀರಿ. ನಂದೊಳ್ಳಿ ಮುಂಜಿ ಮಂತ್ರ ಗುಡ್ಡದ ಆಚಿಗೂ ಕೇಳಸ್ತೀರಿ. ಮನ್ಯಾಗಿನ ಮುದುಕಿಗೆ ಒಂದು ಮಾತು ಕೇಳ್ಸಾಕ ಆಗವಲ್ದು ನಿಮಗ."

"ಕೆಟ್ಟಿದ್ದು ಅಕಿ ಕಿವಿ. ನನ್ನ ಪೆಟಗಿ ಅಲ್ಲ."

"ಇವತ್ತು ಕೇಳಸ್ತಲ್ರಿ."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಅಂದು ಮುಚ್ಚಲು ತಟ್ಟೆ ಇರಲಿಲ್ಲ. ಮರುದಿನ ಬೆಳಿಗ್ಗೆ ಅವನು ಒಂದು ಹಾರ್ನನ್ನು ಜಂತಿಯಿಂದ ಇಳಿಸಿ ಅಜ್ಜಿಯ ಬೆಂಚಿನ ಎದುರು ಇಟ್ಟು, ಮೈಕಿನಲ್ಲಿ "ಯವ್ವಾ" ಎಂದ. ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು ಬಂತು. "ಯಾಕ ಒದರತೀಯೋ, ಕಿವಿ ಹರೀತು" ಎಂದಳು. ಅವನು ದನಿ ತಗ್ಗಿಸಿದ. ಅವಳಿಗೆ ಏನೂ ಕೇಳಲಿಲ್ಲ.

ಅಂಥ ಕಿವಿಗಳ ಗುಣವೇ ಹಾಗೆ ಎಂದು ನನಗೆ ಈಗ ಗೊತ್ತು. ಮೆಲ್ಲನೆಯ ಸದ್ದು ಅವಕ್ಕೆ ತಲುಪುವುದಿಲ್ಲ, ಜೋರಿನ ಸದ್ದು ಚುಚ್ಚುತ್ತದೆ. ನಡುವೆ ಉಳಿಯುವುದು ಒಂದು ಕಾಲುದಾರಿಯಷ್ಟು ಜಾಗ. ವಾಲ್ವನ್ನು ಅದರ ಶಕ್ತಿಯ ಅಂಚಿಗೆ ತಳ್ಳಿದರೆ ಅದು ಮೆಲ್ಲನೆಯದನ್ನು ಮೇಲೆ ಎತ್ತುತ್ತದೆ, ಜೋರಿನದನ್ನು ಒಡೆಯದೆ ಬಾಗಿಸುತ್ತದೆ, ಎರಡನ್ನೂ ಆ ದಾರಿಯೊಳಗೇ ನಡೆಸುತ್ತದೆ. ಅಪ್ಪನಿಗೆ ಇದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ. ಪೀಟರನ ಗಿಟಾರು ಕೇಳಿತು, ಹಾರ್ನು ಕೇಳಲಿಲ್ಲ, ಏಕೆ ಎಂದು ಅವನು ದಿನಗಟ್ಟಲೆ ಯೋಚಿಸಿದ. ಅದೇ ಪ್ರಶ್ನೆಯನ್ನು ನಾನು ಇಷ್ಟು ವರ್ಷಗಳಿಂದ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಕೇಳುತ್ತ ಬಂದಿದ್ದೇನೆ. ಗಿಟಾರಿನವರು ಅದನ್ನು ಧ್ವನಿಯ ಬೆಚ್ಚಗಿನ ಗುಣ ಎನ್ನುತ್ತಾರೆ. ನನಗೆ ಅದು ಅಜ್ಜಿ ಕಿವಿ ಮುಚ್ಚಿಕೊಳ್ಳದೆ ಇರುವ ಗುಣ.

ನಂದೊಳ್ಳಿಯ ಹೆಗಡೆಯವರು ರಿಪೇರಿಗೆ ತಂದಿಟ್ಟ ಹಳೆಯ ವಾಲ್ವಿನ ರೇಡಿಯೋ ಒಂದು ಅಂಗಡಿಯಲ್ಲಿ ಬಿದ್ದಿತ್ತು. ಅದನ್ನು ಬಿಚ್ಚಲೇ ಎಂದು ಅಪ್ಪ ಕೇಳಿದ್ದಕ್ಕೆ ಅವರು ಕೈ ಬೀಸಿದರು.

"ಮನೇಲಿ ಹೊಸ ರೇಡಿಯೋ ಬಂತು ಮಾರಾಯ. ಇದು ಎಂತಕ್ಕೂ ಬ್ಯಾಡ. ನೀನೇ ಇಟ್ಗ."

ಅದರ ಹೊಟ್ಟೆಯಿಂದ ಬೇಕಾದ್ದನ್ನೆಲ್ಲ ತೆಗೆದು, ಹಳೇ ಹಲಸಿನ ಹಲಗೆಯ ಪೆಟ್ಟಿಗೆ ಮಾಡಿ, ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಯಿಂದ ಟೆಲಿಫೋನಿನ ಕಿವಿಯೊಂದನ್ನು ತಂದು ವಾಯರಿಗೆ ಜೋಡಿಸಿದ. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ಕಿವಿಗೆ ಇಟ್ಟುಕೊಳ್ಳಬೇಕು, ಮಾತಾಡುವವರು ಮೈಕ್ ಹಿಡಿಯಬೇಕು. ಆದರೆ ವಾಲ್ವಿನ ಪೆಟ್ಟಿಗೆಯೊಳಗಿನ ಕರೆಂಟು ಮನೆಯ ದೀಪದ ಕರೆಂಟಿಗಿಂತಲೂ ಕೆಟ್ಟದ್ದು. ಹೆತ್ತ ತಾಯಿಯ ಕಿವಿಗೆ ಅದನ್ನು ತಾಗಿಸಲು ಅಪ್ಪನಿಗೆ ಧೈರ್ಯ ಬರಲಿಲ್ಲ. ಮೊದಲು ತಾನೇ ಬಟ್ಟೆ ಒಗೆಯುವ ಹಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು, ಟೆಲಿಫೋನಿನ ಕಿವಿಯನ್ನು ತನ್ನ ಕಿವಿಗೆ ಒತ್ತಿಕೊಂಡ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು. ಅವನು ಹಾಗೆ ಎಷ್ಟೋ ಹೊತ್ತು ನಿಂತು, ಕಾಲು ಬದಲಿಸಿ ಮತ್ತೆ ನಿಂತು, ಕೊನೆಗೆ "ಏನಾಗಂಗಿಲ್ಲ" ಎಂದ. ಅವ್ವ ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ಅವನು ಕೇಳದೆ ಅವಳು ಚಹಾ ಕೊಟ್ಟದ್ದು ನಾನು ನೋಡಿದ್ದು ಕಡಿಮೆ.

ನನ್ನ ಕೆಲಸ ಶುರುವಾದದ್ದು ಅಲ್ಲಿ. ನಾನು ಅಡುಗೆಮನೆಯಲ್ಲಿ ಮೈಕ್ ಹಿಡಿದು ಪಾಠದ ಪುಸ್ತಕದ ಶಬ್ದಗಳನ್ನು ಓದಬೇಕು, ಅಜ್ಜಿ ನಡುಮನೆಯಲ್ಲಿ ಕೇಳಿದ್ದನ್ನು ಹೇಳಬೇಕು, ಅಪ್ಪ ಪೆಟ್ಟಿಗೆಯ ಬೆನ್ನು ತೆರೆದು ಕೂತಿರುತ್ತಿದ್ದ. ನಾನು ಹತ್ತಿ ಎಂದರೆ ಅಜ್ಜಿ ಕತ್ತಿ ಎನ್ನುವಳು. ನಾನು ಸಕ್ಕರೆ ಎಂದರೆ ಅವಳಿಗೆ ಅಕ್ಕರೆ. ಅಪ್ಪ ಒಂದು ಕಂಡೆನ್ಸರ್ ತೆಗೆದು ಇನ್ನೊಂದು ಹಾಕುವನು. ಮತ್ತೆ ಅಕ್ಕರೆ. ಇನ್ನೊಂದು. ಅವನ ಬೆರಳಿಗೆ ಸುಟ್ಟ ಗುಳ್ಳೆಗಳಾಗಿದ್ದ ಒಂದು ದಿನ ಬೆಸುಗೆಯ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, ಮೇಲಿನಿಂದ ತನ್ನ ಕೈ ಹಿಡಿದ.

"ಅವಸರ ಮಾಡಬ್ಯಾಡ. ಸೀಸ ಹರೀತೈತಿ, ಒಂದ್ಸಲ ಹೊಳೀತೈತಿ. ಹೊಳದ ಮ್ಯಾಲೆ ಕೈ ತಗಿ."

ಹೊಳೆಯಿತು. ನಾನು ಕೈ ತೆಗೆದೆ. ಓಡಿಹೋಗಿ ಮೈಕ್ ಹಿಡಿದು ಸಕ್ಕರೆ ಎಂದೆ. ನಡುಮನೆಯಿಂದ ಅಜ್ಜಿ "ಸಕ್ಕರಿ. ಮನ್ಯಾಗ ಮುಗದೈತೇನು?" ಎಂದಳು. ಅಪ್ಪ ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟು ಅಂಗೈಯಿಂದ ಮುಖ ಒರೆಸಿಕೊಂಡ. ನನಗೆ ಮುಂದೇನು ಓದಬೇಕೋ ತಿಳಿಯದೆ, "ಅಜ್ಜಿ, ಊಟ ಆತೇನು?" ಎಂದು ಕೇಳಿದೆ.

"ಇದು ಯಾರ ದನಿ?"

"ನಾನು ಅಜ್ಜಿ. ಶಾಂತಿ."

"ಇಷ್ಟು ದೊಡ್ಡದಾತೇನು ನಿನ್ನ ದನಿ? ನನ್ನ ಕಿವ್ಯಾಗ ನೀ ಇನ್ನೂ ತೊದಲ ಮಾತಾಡ್ಕೋತ ಇದ್ದಿ."

ಆಮೇಲೆ ನಮ್ಮ ಮನೆ ಮೊದಲಿನಂತೆ ಇರಲಿಲ್ಲ. ಅಪ್ಪ ಪೆಟ್ಟಿಗೆಗೆ ಚಿಕ್ಕ ಗಾಲಿಗಳನ್ನು ಹಚ್ಚಿ, ಉದ್ದ ವಾಯರು ಕೊಟ್ಟ. ಅಜ್ಜಿ ಹೋದಲ್ಲಿಗೆ ಅದು ಹೋಗಬೇಕು, ಎಳೆಯುವುದು ನನ್ನ ಕೆಲಸ. ಮೈಕನ್ನು ಒಂದು ಕೋಲಿಗೆ ಕಟ್ಟಿ ಅವಳ ಹತ್ತಿರವೇ ನಿಲ್ಲಿಸಿದ್ದರಿಂದ ಯಾರು ಏನು ಮಾತಾಡಿದರೂ ಅವಳಿಗೆ ಕೇಳುತ್ತಿತ್ತು. ಬೆಂಚು ರಸ್ತೆಯ ಕಡೆ ತಿರುಗಿತು. ಓಣಿಯ ಹೆಂಗಸರು ಬಂದು ಮೈಕಿನೆದುರು ಸೆರಗು ಸರಿಮಾಡಿಕೊಂಡು ಮಾತಾಡಿದರು. ಪಕ್ಕದ ಮನೆಯ ಸಾವಿತ್ರಕ್ಕ ಮೊದಲ ಸಲ "ಎಂತ ಅಜ್ಜಿ, ಆರಾಮನಾ?" ಎಂದಾಗ ಅಜ್ಜಿ, "ನಿನ್ನ ದನಿ ನಾ ತಿಳಕೊಂಡಿದ್ದಕ್ಕಿಂತ ಮೆತ್ತಗೈತಿ" ಎಂದಳು. ನನಗೆ ತಿಳಿದ ಸುಮ್ಮನಿರುವ ಅಜ್ಜಿ ಹೋಗಿ, ಎಲ್ಲದರಲ್ಲೂ ಬಾಯಿ ಹಾಕುವ ಒಬ್ಬ ಮುದುಕಿ ಬಂದು ಕೂತಿದ್ದಳು. ಪಾತ್ರೆ ಯಾಕೆ ಹಾಗೆ ಕುಕ್ಕುತ್ತೀರಿ, ಬೆಕ್ಕಿಗೆ ಹಾಲು ಹಾಕಿಲ್ಲವೇ, ಅಪ್ಪನ ಕೆಮ್ಮಿಗೆ ಕಷಾಯ ಯಾಕೆ ಮಾಡಿಲ್ಲ. ಅಪ್ಪ ನಗುನಗುತ್ತ ಬೈಸಿಕೊಳ್ಳುತ್ತಿದ್ದ. ಹೊರಡುವಾಗ ಕಾಲು ಮುಟ್ಟಿ ನಂದೊಳ್ಳಿ ಎಂದರೆ, ನಂದೊಳ್ಳಿಯೇ ಅವಳಿಗೆ ಕೇಳುತ್ತಿತ್ತು.

ಅವ್ವ ಮಾತ್ರ ಬದಲಾದಳು. ಅದು ನನಗೆ ತಿಳಿದದ್ದು ನಿಧಾನವಾಗಿ. ಮಧ್ಯಾಹ್ನ ಹಿತ್ತಲ ಕಟ್ಟೆಯಲ್ಲಿ ತಲೆ ಬಾಚುವಾಗ ಅಜ್ಜಿ ಟೆಲಿಫೋನಿನ ಕಿವಿಯನ್ನು ಬಿಡುತ್ತಿರಲಿಲ್ಲ, ಒಂದು ಕೈಯಲ್ಲಿ ಹಿಡಿದೇ ಕೂರುತ್ತಿದ್ದಳು. ಬಾವಿಯ ಹತ್ತಿರ ಬರುವ ಹಕ್ಕಿಗಳನ್ನು ಕೇಳುವುದು ಅವಳಿಗೆ ಇಷ್ಟವಾಗಿತ್ತು. ಅವ್ವ ಎಣ್ಣೆ ಹಚ್ಚಿದಳು, ಸಿಕ್ಕು ಬಿಡಿಸಿದಳು, ಜಡೆ ಸುತ್ತಿದಳು, ಎದ್ದಳು. ಮಾತಿಲ್ಲ. ಮರುದಿನವೂ ಇಲ್ಲ. ಬಾಚುವುದು ಬೇಗ ಬೇಗ ಮುಗಿಯತೊಡಗಿತು. ಅಡುಗೆಮನೆಯಲ್ಲಿ ಅವಳು ಒಂದು ಕೆಲಸದ ನಡುವೆ ನಿಂತುಬಿಡುತ್ತಿದ್ದಳು, ಕೈಯಲ್ಲಿ ಸೌಟು ಹಿಡಿದು. ಆಂಪ್ಲಿಫಯರಿನ ಬೆನ್ನಿಗೆ ಆನಿಸಿದ ಹಿಟ್ಟನ್ನು ಮರೆತು ಅದು ಉಕ್ಕಿ ಮೇಜಿನ ಮೇಲೆ ಹರಿದ ದಿನ ಅಪ್ಪ ಬೈಯುವ ಬದಲು ಅವಳ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದ. ಜ್ವರ ಇರಲಿಲ್ಲ. ಅಜ್ಜಿಗೆ ಕೇಳಿಸಿರಿ ಎಂದು ಹಟ ಹಿಡಿದು ಕೇಳಿದವಳು ಅವಳೇ. ಅದಕ್ಕೆ ಅವಳಿಗೆ ಪಶ್ಚಾತ್ತಾಪ ಇತ್ತು ಎಂದು ನಾನು ಹೇಳಲಾರೆ. ಅಜ್ಜಿಯ ಮಾತಿಗೆ ಅವಳೂ ನಗುತ್ತಿದ್ದಳು. ಆದರೆ ಅವಳಿಗೆ ಇದ್ದ ಒಂದೇ ಒಂದು ಜಾಗ ಹೋಗಿತ್ತು.

ಒಂದು ದಿನ ಅವ್ವ ನೀರಿಗೆ ಹೋದಾಗ ಅಜ್ಜಿ ನನ್ನನ್ನು ಹತ್ತಿರ ಕರೆದಳು.

"ನಿಮ್ಮವ್ವಗ ಏನಾಗೈತಿ?"

"ಏನಿಲ್ಲ ಅಜ್ಜಿ."

"ನನ್ನ ತಲಿ ಬಾಚುವಾಗ ಅಕಿ ಮಾತಾಡ್ತಿದ್ಲು. ಕೇಳ್ತಿದ್ದಿಲ್ಲ ಖರೆ, ಉಸಿರು ಬಂದು ನನ್ನ ಕುತ್ತಿಗಿಗೆ ತಾಗ್ತಿತ್ತು. ಈಗ ತಾಗವಲ್ದು."

ನಾನು ಪಾಟಿಯ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತೆ.

"ಏನ್ ಹೇಳ್ತಿದ್ಲು?" ಎಂದು ಕೇಳಿದವಳು, ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿ ತಡೆದಳು. "ಬ್ಯಾಡ ಬಿಡು. ನೀ ಹೇಳೂದಲ್ಲ ಅದು. ಇದನ್ನ ಬಂದ್ ಮಾಡೂದು ಹೆಂಗ, ಅಷ್ಟ ತೋರಸು."

ಅಲ್ಲಿಯ ತನಕ ಪೆಟ್ಟಿಗೆಯನ್ನು ಹಚ್ಚುವುದು, ಆರಿಸುವುದು ಅಪ್ಪನ ಕೆಲಸ ಅಥವಾ ನನ್ನದು. ಕರೆಂಟಿನ ಸಾಮಾನನ್ನು ಅಜ್ಜಿ ಮುಟ್ಟುತ್ತಿರಲಿಲ್ಲ. ನಾನು ಅವಳ ಬೆರಳು ಹಿಡಿದು ಸ್ವಿಚ್ಚಿನ ಮೇಲೆ ಇಟ್ಟೆ. ಟಕ್ ಎಂದಾಗ ಅವಳು ಬೆಚ್ಚಿದಳು. ಮತ್ತೊಮ್ಮೆ ಒತ್ತಿದಳು. ಕೈಗೆ ಅಭ್ಯಾಸವಾಗುವ ತನಕ ಒತ್ತುತ್ತಲೇ ಇದ್ದಳು.

ಆ ಮಧ್ಯಾಹ್ನ ಅವ್ವ ಎಣ್ಣೆಯ ಬಟ್ಟಲು ಹಿಡಿದು ಕಟ್ಟೆಗೆ ಬಂದು, ಅಜ್ಜಿಯ ಕೂದಲು ಬಿಚ್ಚಿದಳು. ಅಜ್ಜಿ ಟೆಲಿಫೋನಿನ ಕಿವಿಯನ್ನು ಕಿವಿಗೆ ಇಟ್ಟುಕೊಂಡೇ, ಇನ್ನೊಂದು ಕೈಯನ್ನು ಪೆಟ್ಟಿಗೆಯ ಮೇಲೆ ತಂದಳು.

"ನೀಲವ್ವ, ನನಗ ಇಡೀ ದಿನ ಕೇಳಿ ಕೇಳಿ ಸಾಕಾಗೈತಿ. ಇದನ್ನ ಆರಸ್ತೀನಿ ನೋಡು. ಇನ್ನ ನನಗೇನೂ ಕೇಳಂಗಿಲ್ಲ."

ಟಕ್ ಎಂದಿತು. ಅವ್ವನ ಬಾಚಣಿಗೆ ಗಾಳಿ‌ಯಲ್ಲೇ ನಿಂತಿತು. ಅವಳು ಸ್ವಿಚ್ಚನ್ನು ನೋಡಿದಳು. ಆಮೇಲೆ ಎಷ್ಟೋ ದಿನದಿಂದ ಬಾಯಿಯ ಬಾಗಿಲಲ್ಲೇ ನಿಂತಿದ್ದ ಮಾತು ಹೊರಬಿತ್ತು.

"ಅತ್ತಿ, ಆ ಕೂಸಿನ ಕಿವಿ ನಿಮ್ಮ ಕಿವಿ ಇದ್ದಂಗ ಇದ್ವು."

ವಾಲ್ವಿನ ಒಂದು ಗುಣವನ್ನು ಇಲ್ಲಿ ಹೇಳಬೇಕು. ಆರಿಸಿದ ಕೂಡಲೇ ಅದು ಸುಮ್ಮನಾಗುವುದಿಲ್ಲ. ಒಳಗೆ ಕೂಡಿಟ್ಟುಕೊಂಡ ಕರೆಂಟು ಇಳಿಯುವ ತನಕ, ಒಂದೆರಡು ಉಸಿರಿನಷ್ಟು ಹೊತ್ತು, ಸದ್ದು ಬರುತ್ತಲೇ ಇದ್ದು, ಆಮೇಲೆ ದೂರ ಹೋಗುವವರ ಮಾತಿನಂತೆ ಕರಗುತ್ತದೆ. ಅವ್ವನಿಗೆ ಇದು ಗೊತ್ತಿರಲಿಲ್ಲ. ನಾನು ಪೆಟ್ಟಿಗೆಯ ಸಂದಿಯಲ್ಲಿ ನೋಡಿದೆ, ಕೆಂಪು ಇನ್ನೂ ಇತ್ತು. ಅಜ್ಜಿಯ ಮುಖ ಬಾವಿಯ ಕಡೆಗೇ ಇತ್ತು. ಟೆಲಿಫೋನಿನ ಕಿವಿ ಹಿಡಿದ ಅವಳ ಬೆರಳುಗಳು ಬಿಗಿಯಾದವು. ಅವ್ವ ಬಾಚುತ್ತ ಮುಂದುವರಿದಳು. ಮಗುವಿನ ಕೈ ಹೇಗಿತ್ತು, ಮೂರು ಹೊತ್ತೂ ಹೇಗೆ ಮುಷ್ಟಿ ಕಟ್ಟಿಕೊಂಡೇ ಇರುತ್ತಿತ್ತು, ಆ ತೊಟ್ಟಿಲು ಈಗ ಯಾರ ಮನೆಯಲ್ಲಿದೆಯೋ. ಅಷ್ಟರಲ್ಲಿ ಪೆಟ್ಟಿಗೆ ಪೂರ್ತಿ ಆರಿತ್ತು. ಅಜ್ಜಿಗೆ ಒಂದು ಅಕ್ಷರವೂ ಕೇಳುತ್ತಿರಲಿಲ್ಲ. ಅವಳ ಕುತ್ತಿಗೆಗೆ ಉಸಿರು ತಾಗುತ್ತಿತ್ತು. ಉಸಿರು ನಿಂತಾಗಲೆಲ್ಲ ಅವಳು "ಹೂಂ" ಎನ್ನುತ್ತಿದ್ದಳು.

ಮೊದಲ ಹೂಂ ಕೇಳಿದಾಗ ಅವ್ವನ ಕೈ ನಿಂತಿತು. ಅವಳು ಮತ್ತೆ ಸ್ವಿಚ್ಚನ್ನು ನೋಡಿದಳು, ಅಜ್ಜಿಯ ಬೆನ್ನನ್ನು ನೋಡಿದಳು. ನಾನು ಇನ್ನು ಅವಳು ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಕೂತಲ್ಲೇ ಮುಂದಕ್ಕೆ ಬಾಗಿ, ಆ ಬೆನ್ನಿಗೆ ಹಣೆ ಒತ್ತಿದಳು. ಅಜ್ಜಿ ತಿರುಗಲಿಲ್ಲ. ಟೆಲಿಫೋನಿನ ಕಿವಿಯನ್ನು ಮಡಿಲಲ್ಲಿ ಇಟ್ಟು, ಕೈಯನ್ನು ಹಿಂದಕ್ಕೆ ಚಾಚಿ ಅವ್ವನ ತಲೆಯನ್ನು ಹುಡುಕಿ ಹಿಡಿದುಕೊಂಡಳು.

ನಾನು ಎದ್ದು ಮುಂದಿನ ಕೋಣೆಗೆ ಬಂದೆ. ಅಪ್ಪ ಯಾರದೋ ರೇಡಿಯೋದ ಬೆನ್ನು ಬಿಚ್ಚಿ ಕೂತಿದ್ದ.

"ಪೆಟಗಿ ಬಂದ್ ಬಿತ್ತೇನು? ಅದರ ಗುಂಯ್ ಸದ್ದು ಬರವಲ್ದು."

"ಕೆಟ್ಟಿಲ್ಲ ಅಪ್ಪಾ. ಅಜ್ಜಿನೇ ಆರಿಸ್ಯಾಳ."

"ಅಕಿ ಆರಿಸಿದ್ಲಾ? ತಡಿ, ನೋಡ್ತೀನಿ" ಎಂದು ಏಳಹೋದವನ ಅಂಗಿಯ ತುದಿಯನ್ನು ನಾನು ಹಿಡಿದೆ.

"ಈಗ ಹೋಗಬ್ಯಾಡ."

ಅವನು ನನ್ನ ಮುಖ ನೋಡಿದ. ಆಗ ಮನೆಯ ಹಿಂಭಾಗದಿಂದ, ಅಡುಗೆಮನೆ ದಾಟಿ, ನಡುಮನೆ ದಾಟಿ, ಆ ಸದ್ದು ಬಂತು. ರೇಡಿಯೋದೊಳಗಿನ ಸಣ್ಣ ಗೊರಗೊರವನ್ನೂ ಹುಡುಕಿ ಹಿಡಿಯುವ ಅಪ್ಪನಿಗೆ ಅದು ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅವ್ವ ಅಳುವುದನ್ನು ಅವನೂ ಕೇಳಿರಲಿಲ್ಲ. ತಿಳಿದ ಮೇಲೆ ಅವನು ಒಳಗೆ ಹೋಗಲಿಲ್ಲ. ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೆ ಒಂದು ಘಟ್ಟದ ಕಡೆಗೆ ಹೊರಟಿದ್ದವು. ಅಪ್ಪ ಎದ್ದು, ಹಾಡುಹಗಲಿನಲ್ಲಿ, ಅಂಗಡಿಯ ಬಾಗಿಲನ್ನು ಮೆಲ್ಲಗೆ ಎಳೆದು ಮುಚ್ಚಿ, ಅಗಳಿ ಹಾಕಿ ಬಂದು ನನ್ನ ಪಕ್ಕ ಕೂತ.